ಡ್ರೈವರ್ ಒರೆಸುವ ಮುಂಚೆ ಒಮ್ಮೆ ಅದರ ಮುಖ ನೋಡಿ

ಬೆಂಗಳೂರಿನ ಒಂದು ಗಾಲ್ಫ್ ಕೋರ್ಸಿನಲ್ಲಿ ನಾನು 26 ವರ್ಷದಿಂದ ಕ್ಯಾಡಿ. ಬ್ಯಾಗ್ ಹೊರುವುದು, ಚೆಂಡು ಹುಡುಕುವುದು, ದೂರ ಹೇಳುವುದು, ಗುಳಿ ಇರುವ ಗ್ರೀನ್ ಮೇಲೆ ಬಾವುಟ ಹಿಡಿಯುವುದು ನನ್ನ ಕೆಲಸ. ಯಾರೂ ಅಷ್ಟಾಗಿ ಗಮನಿಸದ ಇನ್ನೊಂದು ಕೆಲಸವೂ ಇದೆ. ಸಾಹೇಬರು ಹೊಡೆದ ಮೇಲೆ ಕ್ಲಬ್, ಅಂದರೆ ಚೆಂಡು ಹೊಡೆಯುವ ಕೋಲು, ನನ್ನ ಕೈಗೆ ಬರುತ್ತದೆ. ಅದರಲ್ಲಿ ಎಲ್ಲಕ್ಕಿಂತ ದೂರ ಹೊಡೆಯುವ ಕ್ಲಬ್ಬೇ ಡ್ರೈವರ್. ಒದ್ದೆ ಟವೆಲ್‌ನಿಂದ ಒರೆಸಿ ಬ್ಯಾಗಿಗೆ ಇಳಿಸುತ್ತೇನೆ. ಒರೆಸುವ ಮುಂಚೆ ಅರ್ಧ ಸೆಕೆಂಡ್ ಅದರ ಮುಖ ನೋಡುತ್ತೇನೆ. ಚೆಂಡು ಎಲ್ಲಿ ತಗುಲಿತು ಅನ್ನುವುದಕ್ಕೆ ಅಲ್ಲೊಂದು ಗುರುತು ಇರುತ್ತದೆ.

ಹೊಡೆದವರು ಆಗ ಚೆಂಡು ಹೋದ ದಿಕ್ಕು ನೋಡುತ್ತಾ ನಿಂತಿರುತ್ತಾರೆ. "ಜೋರಾಗಿ ಹೊಡೀಲಿಲ್ಲ ಅನ್ಸುತ್ತೆ" ಅನ್ನುತ್ತಾರೆ. ನಾನು "ಹೌದು ಸಾರ್" ಅನ್ನುತ್ತೇನೆ. ನಿಜ ಹೇಳಬೇಕೆಂದರೆ ಜೋರಾಗೇ ಹೊಡೆದಿರುತ್ತಾರೆ. ಚೆಂಡು ಕ್ಲಬ್ಬಿನ ಹಿಮ್ಮಡಿ ಹತ್ತಿರ, ಅಂದರೆ ಉದ್ದನೆಯ ದಂಡ (ಶಾಫ್ಟ್) ತಲೆಗೆ ಸೇರುವ ಕಡೆ, ತಗುಲಿರುತ್ತದೆ, ಅಷ್ಟೇ. ಟಿಪ್ಸ್ ಬೇಕಾದವನು 18 ಹೋಲ್ ಆಟದ ಮೂರನೇ ಹೋಲ್‌ನಲ್ಲೇ ಇದನ್ನೆಲ್ಲ ಹೇಳಲು ಹೋಗಬಾರದು. ಇಲ್ಲಾದರೆ ಹೇಳಬಹುದು.

ನಮ್ಮಲ್ಲಿ ಸೋಮವಾರ ಕೋರ್ಸಿಗೆ ರಜೆ. ಅವತ್ತು ಕ್ಯಾಡಿಗಳ ಆಟ. ಒಬ್ಬನ ಹತ್ತಿರ ಡ್ರೈವರ್, ಇನ್ನೊಬ್ಬನ ಹತ್ತಿರ ಗುಳಿಗೆ ಉರುಳಿಸುವ ಪಟರ್, ನಾಲ್ಕು ಜನಕ್ಕೆ ಒಂದೇ ಸೆಟ್. ನಮ್ಮ ಪೈಕಿ ಒಬ್ಬ ಹುಡುಗ 54 ಕೆಜಿ ಇದ್ದಾನೆ. ಜೋರು ಗಾಳಿ ಬಂದರೆ ಹಾರಿಹೋಗುತ್ತೀಯ ಅಂತ ರೇಗಿಸುತ್ತೇವೆ. ಅವನ ಡ್ರೈವ್ 250 ಯಾರ್ಡ್ ದಾಟುತ್ತದೆ. ಹಿಂದಿನ ದಿನ ಅದೇ ಟೀ (ಹೋಲ್ ಶುರುವಾಗುವ, ಮೊದಲ ಏಟು ಹೊಡೆಯುವ ಜಾಗ) ಮೇಲೆ ಜಿಮ್‌ನಲ್ಲಿ ತೋಳು ಬೆಳೆಸಿದ 90 ಕೆಜಿಯ ಸಾಹೇಬರ ಚೆಂಡು 190ಕ್ಕೇ ನಿಂತಿರುತ್ತದೆ. ಬರೀ ಬಲದ ಲೆಕ್ಕ ಆಗಿದ್ದರೆ ಇದು ಉಲ್ಟಾ ಇರಬೇಕಿತ್ತು ಅಲ್ವಾ?

ಹಾಗಾಗಿ ನಾನು ಹೇಳುವುದೆಲ್ಲ ನಿಮ್ಮಲ್ಲಿ ಈಗಾಗಲೇ ಇರುವ ದೂರ ಎಲ್ಲಿ ಸೋರಿಹೋಗುತ್ತಿದೆ ಅನ್ನುವುದರ ಬಗ್ಗೆ. ಹೊಸ ಬಲದ ಮಾತು ಕೊನೆಗೆ ಸ್ವಲ್ಪ ಬರುತ್ತದೆ. ಬಲಗೈ ಆಟಗಾರರಿಗೆ ಹೊಂದುವಂತೆ ಬರೆದಿದ್ದೇನೆ. ಎಡಗೈಯವರು ಎಡ ಬಲ ಅದಲುಬದಲು ಮಾಡಿಕೊಳ್ಳಿ.

ಮೊದಲು ಗುರುತು

ರೈಲ್ವೆಯಿಂದ ನಿವೃತ್ತರಾದ ಒಬ್ಬರು ಸಾರ್ ಇದ್ದಾರೆ. ವಯಸ್ಸು 61. ನಾಲ್ಕು ವರ್ಷದಲ್ಲಿ ಮೂರು ಡ್ರೈವರ್ ಕೊಂಡಿದ್ದರು. ನಮ್ಮ ಏಳನೇ ಹೋಲ್‌ನಲ್ಲಿ ಟೀ ಮುಂದೆ ಒಂದು ಕೆರೆ ಇದೆ. ಅದನ್ನು ದಾಟಲು ಚೆಂಡು ಗಾಳಿಯಲ್ಲೇ 160 ಯಾರ್ಡ್ ಹೋಗಬೇಕು. ವಾರಕ್ಕೆ ಎರಡು ಚೆಂಡು ಆ ಕೆರೆಗೆ ಅವರ ಕಾಣಿಕೆ. ಒಂದು ದಿನ ಚೆಂಡು ನೀರಿಗೆ ಬಿದ್ದ ಮೇಲೆ ಕೇಳಿದರು, "ಏನಪ್ಪಾ, ಇನ್ನೊಂದು ಡ್ರೈವರ್ ನೋಡಲಾ?"

"ಸಾರ್, ಇವತ್ತು ಬೆಳಿಗ್ಗೆಯಿಂದ ಒರೆಸಿಲ್ಲ. ನೀವೇ ಒಂದು ಸಲ ನೋಡಿ" ಅಂದೆ.

ಡ್ರೈವರ್ ತಿರುಗಿಸಿ ಹಿಡಿದೆ. ಬೆಳಗಿನ ಇಬ್ಬನಿ, ಸ್ವಲ್ಪ ಮಣ್ಣು. ಆರು ಹೋಲ್‌ನಲ್ಲಿ ಬಿದ್ದ ಗುರುತುಗಳೆಲ್ಲ ಅಲ್ಲೇ ಇದ್ದವು. ಒಂದು ಬಿಟ್ಟು ಎಲ್ಲವೂ ಶಾಫ್ಟ್ ಸೇರುವ ಕಡೆಗೆ, ಕೆಳಗೆ. ನಡುಭಾಗ ಅಂಗಡಿಯಿಂದ ತಂದ ದಿನದ ಹಾಗೆ ಫಳಫಳ ಹೊಳೆಯುತ್ತಿತ್ತು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಇದರ ಲೆಕ್ಕ ಸುಲಭ. ಡ್ರೈವರ್ ಗಂಟೆಗೆ 90 ಮೈಲಿ ವೇಗದಲ್ಲಿ ಬಂದು ಚೆಂಡು ನಟ್ಟನಡುವೆ ತಗುಲಿದರೆ, ಚೆಂಡು ಹೆಚ್ಚುಕಡಿಮೆ ಅದರ ಒಂದೂವರೆ ಪಟ್ಟು ವೇಗದಲ್ಲಿ ಹೊರಡುತ್ತದೆ. ಅಂದರೆ 133 ಮೈಲಿ ಆಸುಪಾಸು. ಅದೇ ಬೀಸು, ಆದರೆ ಚೆಂಡು ಬದಿಗೆ ತಗುಲಿತು, ಒಂದೂವರೆ ಪಟ್ಟು ಹೋಗಿ 1.35 ಆಯಿತು ಅಂದುಕೊಳ್ಳಿ. ಆಗ ಚೆಂಡಿನ ವೇಗ 121. ನೆಲಕ್ಕೆ ಬೀಳುವಾಗ ಇದು 20 ಯಾರ್ಡ್ ಹತ್ತಿರದ ನಷ್ಟ. ಇದನ್ನು ಬಲದಿಂದ ತುಂಬಿಸಬೇಕೆಂದರೆ 90ರ ಬದಲು 98 ಮೈಲಿ ವೇಗದಲ್ಲಿ ಬೀಸಬೇಕು. 61ರ ವಯಸ್ಸಿನಲ್ಲಿ ಎಂಟು ಮೈಲಿ ಎಲ್ಲಿಂದ ತರುವುದು? ಗುರುತನ್ನು ನಡುವಿಗೆ ತರುವುದು ಅದಕ್ಕಿಂತ ಎಷ್ಟೋ ಸುಲಭ.

ಪರೀಕ್ಷೆ ಹೀಗೆ ಮಾಡಿ. ವೈಟ್‌ಬೋರ್ಡ್ ಮೇಲೆ ಬರೆಯುವ ಮಾರ್ಕರ್ ಒಂದು ತನ್ನಿ. ಚೆಂಡಿನ ಮೇಲೆ ಹುಣಸೆಬೀಜದಷ್ಟು ಚುಕ್ಕೆ ಹಾಕಿ, ಆ ಚುಕ್ಕೆ ಕ್ಲಬ್ ಕಡೆ ಬರುವಂತೆ ಟೀ (ನೆಲಕ್ಕೆ ಚುಚ್ಚುವ ಪುಟ್ಟ ಮೊಳೆಗೂ ಇದೇ ಹೆಸರು) ಮೇಲಿಟ್ಟು ಹೊಡೆಯಿರಿ. ಡ್ರೈವರ್ ಮುಖದ ಮೇಲೆ ಚುಕ್ಕೆ ಅಚ್ಚೊತ್ತಿರುತ್ತದೆ. ಮುಖ ಕಪ್ಪಗಿದ್ದರೆ ಅದಕ್ಕೆ ತೆಳ್ಳಗೆ ಸೀಮೆಸುಣ್ಣ ಉಜ್ಜಿ. ಚೆಂಡು ತಗುಲಿದ ಜಾಗದಲ್ಲಿ ಸುಣ್ಣ ಅಳಿಸಿರುತ್ತದೆ. ಹತ್ತು ಚೆಂಡು ಹೊಡೆಯಿರಿ, ಪ್ರತಿ ಸಲ ಫೋಟೋ ತೆಗೆದು ಒರೆಸಿ. ಇದು ಅಭ್ಯಾಸದ ರೇಂಜ್‌ನಲ್ಲಿ ಮಾತ್ರ. ಪಂದ್ಯದಲ್ಲಿ ಕ್ಲಬ್ಬಿಗೆ ಏನಾದರೂ ಬಳಿದುಕೊಂಡು ಆಡುವಂತಿಲ್ಲ.

ಹತ್ತರಲ್ಲಿ ಏಳು ಒಂದೇ ಕಡೆ ಬಿದ್ದರೆ ಅದು ನಿಮ್ಮ ಅಭ್ಯಾಸ. ಹಿಮ್ಮಡಿ ಕಡೆ ಬಿದ್ದರೆ ಚೆಂಡಿಗೆ ತೀರಾ ಹತ್ತಿರ ನಿಂತಿದ್ದೀರಿ, ಇಲ್ಲವೇ ಹೊಡೆಯುವಾಗ ಭಾರ ಕಾಲ್ಬೆರಳಿಗೆ ಹೋಗುತ್ತಿದೆ. ಆಚೆ ತುದಿಗೆ ಬಿದ್ದರೆ ದೂರ ನಿಂತಿದ್ದೀರಿ, ಅಥವಾ ಕೊನೆ ಗಳಿಗೆಯಲ್ಲಿ ಮೈ ಮೇಲೆತ್ತಿ ತೋಳು ಒಳಗೆಳೆದುಕೊಳ್ಳುತ್ತಿದ್ದೀರಿ. ಡ್ರೈವರ್ ತಲೆಯ ಆಚೆಗೊಂದು ಈಚೆಗೊಂದು ಟೀ ಚುಚ್ಚಿ, ಎರಡೂ ಕಡೆ ಒಂದು ಬೆರಳು ಜಾಗ ಬಿಟ್ಟು, ಆ ಬಾಗಿಲಿನೊಳಗೆ ಬೀಸುವುದು ಒಳ್ಳೇ ಅಭ್ಯಾಸ. ಚೆಂಡು ಇಲ್ಲದೆ ಶುರುಮಾಡಿ.

ಇನ್ನೂ ಸುಲಭದ್ದೊಂದಿದೆ. ಹಿಡಿಯನ್ನು ಒಂದು ಇಂಚು ಕೆಳಗೆ ಹಿಡಿಯಿರಿ. ಅಂಗಡಿಯಲ್ಲಿ ಸಿಗುವ ಡ್ರೈವರ್‌ಗಳು ಹೆಚ್ಚಾಗಿ 45 ಇಂಚಿನ ಮೇಲೇ ಇರುತ್ತವೆ. ಟೈಗರ್ ವುಡ್ಸ್ 1997ರಲ್ಲಿ ಮಾಸ್ಟರ್ಸ್ ಗೆದ್ದಾಗ ಅವರ ಡ್ರೈವರ್ ಉದ್ದ 43.5 ಇಂಚು. ಅವರಿಗಿಂತ ಉದ್ದದ ಕೋಲನ್ನು ನಾವು ಭಾನುವಾರದ ಆಟಗಾರರು ಬೀಸುತ್ತಿದ್ದೇವೆ! ರೈಲ್ವೆ ಸಾರ್‌ಗೆ ನಾನು ಮೊದಲು ಮಾಡಿಸಿದ್ದು ಇದನ್ನೇ.

ಟೀ ಎತ್ತರ, ಚೆಂಡಿನ ಜಾಗ

ಡ್ರೈವರ್ ತಲೆಯ ಮೇಲ್ಭಾಗದಲ್ಲಿ ಬಿಳಿ ಗೀರುಗಳಿದ್ದರೆ ಆ ಸಾಹೇಬರ ಕಥೆ ನನಗೆ ಗೊತ್ತಾಗಿಬಿಡುತ್ತದೆ. ಚೆಂಡು ಮುಖಕ್ಕೆ ತಗುಲದೆ ತಲೆಯ ಅಂಚಿಗೆ ತಗುಲಿ ಆಕಾಶಕ್ಕೆ ಹೋಗಿದೆ. ಮುಂದಿನ ವಾರ ಅವರು ಟೀ ಕೆಳಗಿಳಿಸುತ್ತಾರೆ. ಆಕಾಶಕ್ಕೆ ಹೋಗುವುದು ನಿಲ್ಲುತ್ತದೆ, ದೂರವೂ ನಿಲ್ಲುತ್ತದೆ. ತಪ್ಪು ಟೀಯದ್ದಲ್ಲ. ಸೌದೆ ಒಡೆಯುವ ಹಾಗೆ ಕ್ಲಬ್ ಮೇಲಿಂದ ಕೆಳಗೆ ಇಳಿಯುತ್ತಿದೆ.

ಐರನ್ ಅನ್ನುವ ಚಿಕ್ಕ ಕ್ಲಬ್‌ನಲ್ಲಿ ಮೇಲಿಂದ ಇಳಿದು ಹೊಡೆಯುವುದು ಸರಿ. ಡ್ರೈವರ್‌ನಲ್ಲಿ ಕ್ಲಬ್ ತನ್ನ ಕೆಳಗಿನ ತುದಿ ಮುಟ್ಟಿ, ಮತ್ತೆ ಏರುವಾಗ ಚೆಂಡು ಸಿಗಬೇಕು. ಹಾಗೆ ಸಿಕ್ಕರೆ ಚೆಂಡು ಎತ್ತರಕ್ಕೆ ಹೊರಡುತ್ತದೆ, ಹಿಂದಕ್ಕೆ ಸುತ್ತುವುದು ಕಡಿಮೆ ಆಗುತ್ತದೆ, ಗಾಳಿಯಲ್ಲಿ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಅದಕ್ಕೆ ಮೂರು ಕೆಲಸ. ಚೆಂಡು ಎಡಗಾಲ ಹಿಮ್ಮಡಿಯ ಒಳಬದಿಗೆ ನೇರ ಇರಲಿ. ಡ್ರೈವರ್ ನೆಲಕ್ಕೆ ಇಟ್ಟಾಗ ಅರ್ಧ ಚೆಂಡು ಅದರ ತಲೆಗಿಂತ ಮೇಲೆ ಕಾಣಲಿ. ಬಲಭುಜ ಎಡಭುಜಕ್ಕಿಂತ ಸ್ವಲ್ಪ ಕೆಳಗಿರಲಿ. ಹಿಡಿಯ ಮೇಲೆ ಬಲಗೈ ಕೆಳಗೇ ಇರುತ್ತದಲ್ಲ, ಅದರ ಜೊತೆ ಭುಜವೂ ಇಳಿಯಲಿ, ಅಷ್ಟೇ.

ಇದನ್ನು ಪರೀಕ್ಷೆ ಮಾಡಲು ಹೊಸ ಚೆಂಡುಗಳು ಬರುವ ಖಾಲಿ ರಟ್ಟಿನ ಪೆಟ್ಟಿಗೆ ಸಾಕು. ಚೆಂಡಿಗಿಂತ ಒಂದು ಅಡಿ ಮುಂದೆ, ಗುರಿಯ ಕಡೆಗೆ, ನೆಲದ ಮೇಲೆ ಮಲಗಿಸಿ ಇಡಿ. ಹೊಡೆದಾಗ ಕ್ಲಬ್ ಪೆಟ್ಟಿಗೆಗೆ ತಗುಲಿದರೆ ನೀವು ಇಳಿಸಿ ಹೊಡೆಯುತ್ತಿದ್ದೀರಿ. ಪೆಟ್ಟಿಗೆ ಅಲ್ಲಾಡದೆ ಚೆಂಡು ಹೋದರೆ ಸರಿ. ಮೊದಲ ದಿನ ನಾಲ್ಕೈದು ಪೆಟ್ಟಿಗೆ ಚಿಂದಿ ಆಗುತ್ತದೆ. ಆಗಲಿ ಬಿಡಿ.

ಗ್ಲೋವ್ ಎಲ್ಲಿ ತೂತಾಗಿದೆ?

ಗ್ಲೋವ್ ಕಳಚಿ ಅಂಗೈ ಮೇಲೆ ಮಾಡಿ ನೋಡಿ. ಕಿರುಬೆರಳಿನ ಕೆಳಗೆ, ಅಂಗೈ ಮಣಿಕಟ್ಟಿಗೆ ಸೇರುವ ದಪ್ಪ ಮಾಂಸದ ಹತ್ತಿರ ಸವೆದು ತೂತಾಗಿದ್ದರೆ, ಹಿಡಿ ನಿಮ್ಮ ಅಂಗೈಯಲ್ಲಿದೆ. ಅದು ಬೆರಳುಗಳಲ್ಲಿರಬೇಕು. ಅಂಗೈಯಲ್ಲಿ ಹಿಡಿದರೆ ಮಣಿಕಟ್ಟು ಬಿಗಿಯುತ್ತದೆ, ಬಾಗುವುದಿಲ್ಲ. ಮಣಿಕಟ್ಟು ಬಾಗಿ ಬಿಚ್ಚಿಕೊಳ್ಳುವ ಕಡೆ ಇರುವಷ್ಟು ವೇಗ ತೋಳಿನಲ್ಲಿ ಇಲ್ಲ. ಬಾವಿಯಿಂದ ತುಂಬಿದ ಬಕೆಟ್ ಎತ್ತುವಾಗ ಹಿಡಿಯನ್ನು ಬೆರಳಿನ ಬುಡದಲ್ಲಿ ಕೊಕ್ಕೆಯ ಹಾಗೆ ಸಿಗಿಸಿಕೊಳ್ಳುತ್ತೀರಲ್ಲ, ಎಡಗೈ ಹಾಗಿರಲಿ. ಆಮೇಲೆ ಹೆಬ್ಬೆರಳು ಮುಚ್ಚಿ. ಮೇಲಿಂದ ನೋಡಿದರೆ ಎಡಗೈಯ ಎರಡು ಗೆಣ್ಣು ಕಾಣಬೇಕು.

ಎಷ್ಟು ಬಿಗಿ? ರಸ್ತೆ ದಾಟಿಸುವಾಗ ಮಗುವಿನ ಕೈ ಹಿಡಿಯುವಷ್ಟು. ಜಾರಿ ಹೋಗಬಾರದು, ಅಳಲೂಬಾರದು. ಮೊದಲ ಟೀ ಮೇಲೆ ನಾಲ್ಕು ಜನ ನೋಡುತ್ತಿದ್ದರೆ ಈ ಹಿಡಿತ ತಾನಾಗೇ ಬಿಗಿಯಾಗುತ್ತದೆ. ಮುಂಗೈ ನರ ಎದ್ದು ಕಾಣುತ್ತದೆ. ನಾನು ಆಗ ಹಿಂದಿನಿಂದ "ಉಸಿರು ಬಿಡಿ ಸಾರ್" ಅನ್ನುತ್ತೇನೆ. ಅಷ್ಟಕ್ಕೇ ಎಷ್ಟೋ ಸಲ ಚೆಂಡು ಸರಿಯಾಗಿ ಹೋಗಿದೆ.

ಇನ್ನೊಂದು. ನಿಮ್ಮ ರಬ್ಬರ್ ಗ್ರಿಪ್ ಕಡೆಯ ಸಲ ತೊಳೆದದ್ದು ಯಾವಾಗ? ಬೆವರು, ಎಣ್ಣೆ, ಸನ್‌ಸ್ಕ್ರೀನ್ ಎಲ್ಲ ಸೇರಿ ಅದು ಜಾರುತ್ತದೆ. ಜಾರಿದರೆ ಬಿಗಿಯಾಗಿ ಹಿಡಿಯುತ್ತೀರಿ. ಪಾತ್ರೆ ತೊಳೆಯುವ ಲಿಕ್ವಿಡ್, ಬೆಚ್ಚಗಿನ ನೀರು, ಹಳೇ ಟೂತ್‌ಬ್ರಷ್. ಹತ್ತು ನಿಮಿಷದ ಕೆಲಸ.

ಕಡಗೋಲಿನ ಹಾಗೆ

ನಮ್ಮಜ್ಜಿ ಮಜ್ಜಿಗೆ ಕಡೆಯುತ್ತಿದ್ದ ಕಂಬ ಊರಿನ ಮನೆಯಲ್ಲಿ ಇನ್ನೂ ಇದೆ. ಹಗ್ಗ ಎಳೆದರೆ ಕಡಗೋಲು ನಿಂತಲ್ಲೇ ಗಿರ್ರನೆ ತಿರುಗುತ್ತದೆ. ಆ ಕಡೆ ಈ ಕಡೆ ವಾಲಿದರೆ ಬೆಣ್ಣೆ ಬರಲ್ಲ, ಗಡಿಗೆ ಒಡೆಯುತ್ತದೆ. ಹೊಸಬರಿಗೆ ಹೇಳಿಕೊಡುವಾಗ ನಾನು ಇದನ್ನೇ ಹೇಳುವುದು. ಕ್ಲಬ್ ಹಿಂದಕ್ಕೆ ಒಯ್ಯುವಾಗ ಹೆಚ್ಚಿನವರು ತಿರುಗುವುದಿಲ್ಲ, ಬಲಕ್ಕೆ ವಾಲುತ್ತಾರೆ. ಸೊಂಟ ಬಲಗಾಲಿನ ಆಚೆ ಹೋಗಿ ನಿಲ್ಲುತ್ತದೆ. ಅಲ್ಲಿಂದ ವಾಪಸ್ ಬರುವುದರಲ್ಲೇ ಬಲ ಖರ್ಚಾಗುತ್ತದೆ.

ಬೂಟಿನ ಕೆಳಗೆ ಇದರ ಸಾಕ್ಷಿ ಸಿಗುತ್ತದೆ. ಇಬ್ಬನಿ ಇರುವ ಬೆಳಿಗ್ಗೆ ಟೀ ಮೇಲೆ ನೋಡಿ. ಬಲಗಾಲಿನ ಹೊರ ಅಂಚು ಹುಲ್ಲಿನೊಳಗೆ ಆಳವಾಗಿ ಒತ್ತಿದ್ದರೆ ಅವರು ವಾಲಿದ್ದಾರೆ. ಭಾರ ಬಲಗಾಲಿನ ಒಳಬದಿಯಲ್ಲಿ, ಹಿಮ್ಮಡಿ ಹತ್ತಿರ ಇರಬೇಕು.

ಮನೆಯಲ್ಲಿ ಮಾಡುವುದು ಹೀಗೆ. ಗೋಡೆಗೆ ಬೆನ್ನು ಮಾಡಿ, ಹಿಂಭಾಗ ಗೋಡೆಗೆ ತಾಗುವಂತೆ ಸ್ವಲ್ಪ ಬಗ್ಗಿ ನಿಲ್ಲಿ. ಕೈ ಎದೆ ಮೇಲೆ ಕಟ್ಟಿಕೊಳ್ಳಿ. ಹಿಂದಕ್ಕೆ ತಿರುಗುವಾಗ ಬಲ ಕುಂಡೆ ಗೋಡೆಗೆ ಒತ್ತಬೇಕು. ಮುಂದಕ್ಕೆ ತಿರುಗುವಾಗ ಎಡದ್ದು. ಯಾವ ಗಳಿಗೆಯಲ್ಲೂ ಎರಡೂ ಗೋಡೆ ಬಿಡಬಾರದು. ಬೆಳಿಗ್ಗೆ ಕಾಫಿ ಕಾಯುವಷ್ಟರಲ್ಲಿ 20 ಸಲ ಆಗುತ್ತದೆ. ಮನೆಯವರು ನಗುತ್ತಾರೆ, ಪರವಾಗಿಲ್ಲ.

ಮೈ ತಿರುಗುವುದೇ ಇಲ್ಲ ಅನ್ನುವ ವಯಸ್ಸಾದವರಿಗೆ ಎರಡು ವಿನಾಯಿತಿ. ಹಿಂದಕ್ಕೆ ತಿರುಗುವಾಗ ಎಡ ಹಿಮ್ಮಡಿ ನೆಲದಿಂದ ಏಳಲಿ. ಕಾಲು ನೆಲಕ್ಕೆ ಅಂಟಿರಬೇಕು ಅಂತ ಯಾರೋ ಹೇಳಿಕೊಟ್ಟಿರುತ್ತಾರೆ. ಅಮೆರಿಕದ ಜಾಕ್ ನಿಕ್ಲಸ್ ತಮ್ಮ ಎಡ ಹಿಮ್ಮಡಿ ಎತ್ತಿಯೇ 18 ಮೇಜರ್, ಅಂದರೆ ಗಾಲ್ಫ್‌ನ ಅತಿ ದೊಡ್ಡ ಪಂದ್ಯಾವಳಿ, ಗೆದ್ದರು. ಎರಡನೆಯದು, ಬಲಪಾದದ ತುದಿಯನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ ನಿಲ್ಲಿ. ಸೊಂಟಕ್ಕೆ ದಾರಿ ಸಿಗುತ್ತದೆ. ಮಂಡಿ ನೋವಿದ್ದವರಿಗೂ ಇದರಿಂದ ಹಾಯೆನಿಸುತ್ತದೆ.

ಸುಂಯ್ ಸದ್ದು ಎಲ್ಲಿ ಕೇಳಬೇಕು

ಚಿಕ್ಕವರಿದ್ದಾಗ ಕೆರೆ ದಂಡೆಯಲ್ಲಿ ನಿಂತು ಹೆಂಚಿನ ಚೂರು ಎಸೆದಿದ್ದೀರಾ? ನೀರಿನ ಮೇಲೆ ಕಪ್ಪೆಯ ಹಾಗೆ ಕುಪ್ಪಳಿಸುತ್ತಾ ಹೋಗಬೇಕು, ಹಾಗೆ? ಆಗ ಯಾರೂ ಕೈಯಿಂದ ಶುರು ಮಾಡುವುದಿಲ್ಲ. ಎಡಗಾಲು ಮುಂದೆ ಊರುತ್ತದೆ, ಸೊಂಟ ತಿರುಗುತ್ತದೆ, ಮೊಣಕೈ ಪಕ್ಕೆಗೆ ತಾಗಿ ಬರುತ್ತದೆ, ಕೊನೆಗೆ ಮಣಿಕಟ್ಟು. ಬಲಗೈಯಲ್ಲಿ ಹೀಗೆ ಎಸೆಯಲು ಬಂದವರಿಗೆ ಗಾಲ್ಫ್ ಅರ್ಧ ಬಂದ ಹಾಗೆ. ಆದರೆ ಕೈಗೆ ಕ್ಲಬ್ ಬಂದ ಕೂಡಲೇ ಎಲ್ಲ ಮರೆತು ಮೇಲಿನಿಂದ ಭುಜದಲ್ಲೇ ಎಳೆಯುತ್ತೇವೆ. ಮೇಲೆ ಖರ್ಚಾದ ವೇಗ ಕೆಳಗೆ ಚೆಂಡಿನ ಹತ್ತಿರ ಸಿಗುವುದಿಲ್ಲ.

ಡ್ರೈವರ್ ತಲೆಕೆಳಗೆ ಮಾಡಿ. ಕ್ಲಬ್ಬಿನ ತಲೆಯ ಪಕ್ಕದಲ್ಲಿ ಶಾಫ್ಟ್ ಹಿಡಿದು, ಹಿಡಿ ಇರುವ ಕಡೆಯನ್ನು ಗಾಳಿಯಲ್ಲಿ ಬೀಸಿ. ಸುಂಯ್ ಅಂತ ಸದ್ದು ಬರುತ್ತದೆ. ಎಲ್ಲಿ ಬಂತು? ಬಲಕಿವಿ ಹತ್ತಿರ ಬಂದರೆ ವೇಗ ಮುಂಚೆಯೇ ಮುಗಿದುಹೋಗಿದೆ. ಚೆಂಡು ಇರಬೇಕಾದ ಜಾಗದಲ್ಲಿ, ಅಥವಾ ಅದು ದಾಟಿ ಎಡಗಡೆ ಬರಬೇಕು. ಸದ್ದನ್ನು ಎಡಕ್ಕೆ ಕಳಿಸುವುದು ಹೇಗೆ ಅಂತ ನಾನು ಹೇಳಿಕೊಡುವುದೇ ಇಲ್ಲ. ಹತ್ತು ನಿಮಿಷ ಕಿವಿ ಕೊಟ್ಟು ಬೀಸಿದರೆ ಮೈಗೆ ತಾನೇ ದಾರಿ ಹೊಳೆಯುತ್ತದೆ.

ಇದನ್ನು ಹಾಲ್‌ನಲ್ಲಿ ಮಾಡಬೇಡಿ. ನಾನು ಮಾಡಿ, ಟ್ಯೂಬ್‌ಲೈಟ್ ಒಡೆದು, ಮಗಳ ಪರೀಕ್ಷೆ ಹಿಂದಿನ ರಾತ್ರಿ ಮನೆ ಕತ್ತಲೆ ಮಾಡಿದೆ. ಟೆರೇಸ್ ಇದೆಯಲ್ಲ.

ವೇಗವನ್ನೇ ಬೆಳೆಸಬೇಕು ಅನ್ನುವವರಿಗೂ ಈ ಅಭ್ಯಾಸವೇ. ವಾರಕ್ಕೆ ಮೂರು ದಿನ, ಮೈ ಬೆಚ್ಚಗಾದ ಮೇಲೆ, ತಲೆಕೆಳಗಾದ ಡ್ರೈವರ್ ಐದು ಸಲ, ನೆಟ್ಟಗೆ ಹಿಡಿದು ಐದು ಸಲ. ಪ್ರತಿ ಸಲವೂ ಆದಷ್ಟು ಜೋರಾಗಿ, ನಡುವೆ ಅರ್ಧ ನಿಮಿಷ ಬಿಡುವು. ಎಡಗೈ ಆಟಗಾರರ ಹಾಗೆ ನಿಂತು ಐದು ಸಲ ಬೀಸಿ, ಬೆನ್ನು ಒಂದೇ ಕಡೆ ಬಿಗಿಯುವುದಿಲ್ಲ. ಚೆಂಡು ಇಡಬೇಡಿ. ಚೆಂಡು ಕಂಡರೆ ಮನುಷ್ಯ ಹುಷಾರಾಗುತ್ತಾನೆ, ವೇಗ ಕಡಿಮೆಯಾಗುತ್ತದೆ. ಕ್ಲಬ್ ವೇಗ ಒಂದು ಮೈಲಿ ಏರಿದರೆ ಸುಮಾರು ಎರಡೂವರೆ ಯಾರ್ಡ್ ಲಾಭ. ಅಮೆರಿಕದ ಪಿಜಿಎ ಟೂರ್‌ನ ವೃತ್ತಿಪರ ಆಟಗಾರರು ಗಂಟೆಗೆ 115 ಮೈಲಿಯ ಆಸುಪಾಸಿನಲ್ಲಿ ಬೀಸುತ್ತಾರೆ. ನಮಗೆ ಅದು ಬೇಡ. 88 ಇದ್ದದ್ದು 92 ಆದರೂ ಹತ್ತು ಯಾರ್ಡ್.

ಬೆನ್ನು ನೋವು ಇರುವವರು ಡಾಕ್ಟರ್ ಕೇಳದೆ ಇದನ್ನು ಶುರು ಮಾಡಬೇಡಿ.

ಬಲಕ್ಕೆ ಬಾಗುವ ಚೆಂಡು

ಸ್ಲೈಸ್ ಬಗ್ಗೆ ಬರೆಯದಿದ್ದರೆ ನಮ್ಮ ಹುಡುಗರು ನಗುತ್ತಾರೆ. ಬಲಗಡೆ ಪೊದೆಯಲ್ಲಿ ಚೆಂಡು ಹುಡುಕಿ ಹುಡುಕಿ ನನ್ನ ಪ್ಯಾಂಟೆಲ್ಲ ಉತ್ತರಾಣಿ.

ಬಾಗಿದ ಚೆಂಡು ದಿಕ್ಕಿನ ಜೊತೆ ದೂರವನ್ನೂ ತಿನ್ನುತ್ತದೆ. ಕ್ಲಬ್ ಮುಖ ಬಲಕ್ಕೆ ತೆರೆದಿದ್ದಾಗ ಅದರ ಇಳಿಜಾರು ಜಾಸ್ತಿ ಆದ ಹಾಗೆ. ಚೆಂಡು ಸುತ್ತುತ್ತಾ ಮೇಲೇರಿ, ಅಲ್ಲೇ ಸುಸ್ತಾಗಿ ಬೀಳುತ್ತದೆ. ಚೆಂಡು ಹೊರಡುವುದು ಹೆಚ್ಚಾಗಿ ಕ್ಲಬ್ ಮುಖ ನೋಡುತ್ತಿರುವ ಕಡೆಗೆ. ಬಾಗುವುದು, ಆ ಮುಖಕ್ಕೂ ಕ್ಲಬ್ ಬರುವ ದಾರಿಗೂ ಇರುವ ವ್ಯತ್ಯಾಸದಿಂದ. ದಾರಿ ಎಡಕ್ಕೆ, ಮುಖ ಅದಕ್ಕಿಂತ ಬಲಕ್ಕೆ ಇದ್ದರೆ ಸ್ಲೈಸ್. ಈಗ ಸಾಹೇಬರು ಏನು ಮಾಡುತ್ತಾರೆ? ಬಲಕ್ಕೆ ಹೋಗುತ್ತೆ ಅಂತ ಎಡಕ್ಕೆ ತಿರುಗಿ ನಿಲ್ಲುತ್ತಾರೆ. ದಾರಿ ಇನ್ನೂ ಎಡಕ್ಕೆ ಹೋಯಿತು, ವ್ಯತ್ಯಾಸ ಇನ್ನೂ ಜಾಸ್ತಿ ಆಯಿತು, ಚೆಂಡು ಪಕ್ಕದ ಹೋಲ್‌ಗೆ ಹೋಯಿತು. ಅಲ್ಲಿರುವವರಿಗೆ ಹುಷಾರು ಅನ್ನಲು "ಫೋರ್" ಅಂತ ಕೂಗುವುದು ನಾನು.

ಮೊದಲು ಹಿಡಿತ ಬದಲಿಸಿ. ಎರಡೂ ಕೈಯನ್ನು ಹಿಡಿಯ ಮೇಲೆ ಸ್ವಲ್ಪ ಬಲಕ್ಕೆ ತಿರುಗಿಸಿ. ಎರಡು ಗೆಣ್ಣು ಅಂತ ಮೇಲೆ ಹೇಳಿದೆ, ಸ್ಲೈಸ್ ಇರುವವರಿಗೆ ಮೂರು ಕಂಡರೂ ಸರಿ. ಆಮೇಲೆ ದಾರಿ. ಡ್ರೈವರ್ ತಲೆಗೆ ಹಾಕುವ ಕವರ್ ಇದೆಯಲ್ಲ, ಅದನ್ನು ಚೆಂಡಿನ ಆಚೆ ಬದಿಗೆ, ನಾಲ್ಕೈದು ಇಂಚು ಹಿಂದೆ ಇಡಿ. ಮೇಲಿಂದ ಹೊರಗಿನ ದಾರಿಯಲ್ಲಿ ಬಂದರೆ ಕವರ್ ಹಾರುತ್ತದೆ. ಅದನ್ನು ಮುಟ್ಟದೆ ಹೊಡೆಯಲು ಒಳಗಿನಿಂದಲೇ ಬರಬೇಕು.

ಹಿಮ್ಮಡಿ ಕಡೆ ತಗುಲಿದ ಚೆಂಡೂ ಬಲಕ್ಕೇ ಸುತ್ತುತ್ತದೆ. ಹಾಗಾಗಿ ಬೀಸು ಬದಲಿಸುವ ಮುಂಚೆ ಚುಕ್ಕೆ ನೋಡಿ. ರೈಲ್ವೆ ಸಾರ್ ವಿಷಯದಲ್ಲಿ ಅರ್ಧ ಸ್ಲೈಸ್ ಬರೀ ಗುರುತು ನಡುವಿಗೆ ಬಂದದ್ದರಿಂದಲೇ ಹೋಯಿತು.

ಅಂಗಡಿಗೆ ಹೋಗುವ ಮುಂಚೆ

ರೈಲ್ವೆ ಸಾರ್‌ಗೆ ಒಂದು ಅಂಗಡಿಯವರು ಮುಖದ ಇಳಿಜಾರು 9 ಡಿಗ್ರಿಯ, ಗಟ್ಟಿ ಶಾಫ್ಟಿನ ಡ್ರೈವರ್ ಮಾರಿದ್ದರು. ಟೂರ್ ಆಟಗಾರರು ಇದನ್ನೇ ಬಳಸುತ್ತಾರೆ ಅಂದರಂತೆ. ಬಳಸಬಹುದು. ನಿಧಾನವಾಗಿ ಬೀಸುವವರ ಚೆಂಡು 9 ಡಿಗ್ರಿಯಲ್ಲಿ ಮೇಲೆ ಏಳುವುದೇ ಇಲ್ಲ. 10.5 ಅಥವಾ 12 ಡಿಗ್ರಿ, ಶಾಫ್ಟ್ ಅಷ್ಟು ಗಟ್ಟಿಯಿಲ್ಲದ ರೆಗ್ಯುಲರ್ ಅಥವಾ ಸೀನಿಯರ್ ತಗೊಳ್ಳಿ. ಮರ್ಯಾದೆಗೆ ಕಡಿಮೆ ಅಂದುಕೊಳ್ಳಬೇಡಿ. ಡಿಗ್ರಿ ಬರೆದಿರುವುದು ಕ್ಲಬ್ಬಿನ ಅಡಿಯಲ್ಲಿ, ನನ್ನನ್ನು ಬಿಟ್ಟರೆ ಯಾರಿಗೂ ಕಾಣಿಸಲ್ಲ.

ಪ್ರತಿ ವರ್ಷ ಹೊಸ ಡ್ರೈವರ್ ಕೊಳ್ಳುವವರಿಗೆ ಒಂದು ಮಾತು. ತಲೆಯ ಗಾತ್ರ 460 ಸಿಸಿ ಮೀರುವಂತಿಲ್ಲ, ಮುಖ ಎಷ್ಟು ಪುಟಿಯಬೇಕು ಅನ್ನುವುದಕ್ಕೂ ನಿಯಮದಲ್ಲಿ ಮಿತಿ ಇದೆ. ಕಂಪನಿಗಳು ಆ ಮಿತಿ ಮುಟ್ಟಿ ಎಷ್ಟೋ ವರ್ಷ ಆಯಿತು. ಚೆಂಡಿಗೂ ಹಾಗೇ. 45.93 ಗ್ರಾಂಗಿಂತ ಭಾರ ಇರುವಂತಿಲ್ಲ, 42.67 ಮಿಲಿಮೀಟರ್‌ಗಿಂತ ಸಣ್ಣದಿರುವಂತಿಲ್ಲ. ಹೊಸ ಡ್ರೈವರ್‌ನಲ್ಲಿ ನಡುವಿಂದ ಜಾರಿದ ಏಟು ಸ್ವಲ್ಪ ಕಡಿಮೆ ಕೆಡುತ್ತದೆ, ನಿಜ. ಐದು ವರ್ಷ ಹಳೆಯದನ್ನು ಸೆಕೆಂಡ್ ಹ್ಯಾಂಡ್ ಕೊಂಡು ಉಳಿದ ದುಡ್ಡಲ್ಲಿ ಕೋಚ್ ಹತ್ತಿರ ಐದು ಕ್ಲಾಸ್ ಹೋದರೆ ಲಾಭ ಜಾಸ್ತಿ. ರೇಂಜ್ ಚೆಂಡು ನೋಡಿ ನಿಮ್ಮ ದೂರ ಅಳೆಯಲೂ ಬೇಡಿ. ಅವು ಸಾಮಾನ್ಯವಾಗಿ ಕಡಿಮೆಯೇ ಹೋಗುತ್ತವೆ.

ಬೆಂಗಳೂರಿನವರಿಗೆ ಒಂದು ಸಣ್ಣ ಮೋಸವೂ ನಡೆಯುತ್ತಿರುತ್ತದೆ. ನಮ್ಮೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ತೆಳು, ತಡೆ ಕಡಿಮೆ. ಇಲ್ಲಿ 200 ಯಾರ್ಡ್ ಹೋಗುವ ಚೆಂಡು ಮಂಗಳೂರಿನಲ್ಲೋ ಚೆನ್ನೈನಲ್ಲೋ ಐದಾರು ಯಾರ್ಡ್ ಹಿಂದೆ ಬೀಳುತ್ತದೆ. ಅಲ್ಲಿಗೆ ಹೋಗಿ ಬಂದವರು ಆಟ ಕೆಟ್ಟಿತು ಅಂತ ಕೊರಗುವುದನ್ನು ನೋಡಿದ್ದೇನೆ. ಆಟ ಕೆಟ್ಟಿಲ್ಲ, ಒಂದು ಕ್ಲಬ್ ಜಾಸ್ತಿ ತಗೊಂಡಿದ್ದರೆ ಆಗುತ್ತಿತ್ತು.

ಬಸ್ಕಿ

ಕಾರಿನಿಂದ ಇಳಿದು, ಇಡ್ಲಿ ವಡೆ ತಿಂದು, ಸೀದಾ ಮೊದಲ ಟೀಗೆ. ಮೂರು ಹೋಲ್ ಮೈ ಬಿಚ್ಚುವುದರಲ್ಲೇ ಹೋಗುತ್ತದೆ. ಹತ್ತು ಬಸ್ಕಿ ಹೊಡೆಯಿರಿ. ಕ್ಲಬ್ ಹೆಗಲ ಮೇಲೆ ಅಡ್ಡ ಇಟ್ಟುಕೊಂಡು ಹತ್ತು ಸಲ ಎಡಕ್ಕೆ ಬಲಕ್ಕೆ ತಿರುಗಿ. ಹತ್ತಿರಕ್ಕೆ ಹೊಡೆಯುವ ವೆಡ್ಜ್‌ನಿಂದ ಅರ್ಧ ಬೀಸು, ಆಮೇಲೆ ಪೂರ್ತಿ. ಐದು ನಿಮಿಷ ಸಾಕು. ಮನೆಯಲ್ಲೂ ದಿನಕ್ಕೆ 20 ಬಸ್ಕಿ ಹೊಡೆಯಿರಿ. ನಮ್ಮ 54 ಕೆಜಿ ಹುಡುಗನಿಗೆ ಜಿಮ್ ಗೊತ್ತಿಲ್ಲ, ಆದರೆ ದಿನಾ 18 ಹೋಲ್ ಬ್ಯಾಗ್ ಹೊತ್ತು ನಡೆದ ಕಾಲು ಅವನದು. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಸಿ. ಮುನಿಯಪ್ಪ ಕೂಡ ಬೆಂಗಳೂರಿನಲ್ಲಿ ಕ್ಯಾಡಿ ಆಗಿದ್ದವರು. ಅವತ್ತು ನಮ್ಮ ಶೆಡ್ಡಿನಲ್ಲಿ ಇದ್ದ ಗಲಾಟೆ ನೀವು ನೋಡಬೇಕಿತ್ತು.

ದೂರವೇ ಎಲ್ಲ ಅಂತ ನಾನು ಹೇಳುತ್ತಿಲ್ಲ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಒಂದು ಸ್ಟ್ರೋಕ್‌ನಿಂದ ಪದಕ ಕಳೆದುಕೊಂಡು ನಾಲ್ಕನೆಯವರಾದರು. ಅಲ್ಲಿ ಆಡಿದವರಲ್ಲಿ ತೀರಾ ಕಡಿಮೆ ದೂರ ಹೊಡೆಯುವವರಲ್ಲಿ ಅವರೂ ಒಬ್ಬರು. ಬೆಳಿಗ್ಗೆ ನಾಲ್ಕಕ್ಕೇ ಎದ್ದು ಟಿವಿ ಹಾಕಿ ಕೂತಿದ್ದೆವು. ಅವರ ಪಟರ್ ನೋಡಿ ಎಲ್ಲರೂ ಹೊಗಳುತ್ತಿದ್ದರು. ನನಗೆ ಕಂಡದ್ದು ಬೇರೆ. ಅವರ ಕ್ಲಬ್ ಮುಖ ಒರೆಸುವವರಿಗೆ ಕೆಲಸ ಒಂದೇ ಜಾಗದಲ್ಲಿ.

ರೈಲ್ವೆ ಸಾರ್‌ಗೆ ನಾಲ್ಕು ತಿಂಗಳು ಹಿಡಿಯಿತು. ಹಿಡಿ ಒಂದು ಇಂಚು ಕೆಳಗೆ, 12 ಡಿಗ್ರಿಯ ಹಳೇ ಡ್ರೈವರ್, ಟೀ ಎತ್ತರ, ಗೋಡೆ. ಮೊನ್ನೆ ಆಗಸ್ಟ್‌ನಲ್ಲಿ ರಾತ್ರಿಯಿಡೀ ಮಳೆ ಬಂದ ಮಾರನೇ ದಿನ ಏಳನೇ ಹೋಲ್‌ಗೆ ಬಂದೆವು. ಹೊಡೆದರು. ಚೆಂಡು ಕೆರೆ ದಾಟಿತು. ಆಚೆ ಫೇರ್‌ವೇ ಒದ್ದೆ, ಒಂದಡಿಯೂ ಉರುಳಲಿಲ್ಲ. ಬಿದ್ದಲ್ಲೇ ಕೆಸರಲ್ಲಿ ಹೂತಿತು. ನಾನು ಟವೆಲ್ ತೆಗೆದು ಕೈ ಚಾಚಿದೆ. ಅವರು ಡ್ರೈವರ್ ಕೊಡಲಿಲ್ಲ. "ಇರಪ್ಪಾ, ಒರೆಸಬೇಡ" ಅಂದು ಮುಖ ಮೇಲೆ ಮಾಡಿ ಹಿಡಿದುಕೊಂಡೇ ಕೆರೆ ಸುತ್ತಿ ನಡೆದರು. ಹೂತ ಚೆಂಡಿಗೆ ದಂಡ ಇಲ್ಲದೆ ಡ್ರಾಪ್ ಸಿಗುತ್ತೆ, ಎತ್ತಿ ಪಕ್ಕಕ್ಕೆ ಬಿಟ್ಟು ಆಡಬಹುದು ಸಾರ್ ಅಂತ ಎರಡು ಸಲ ಹೇಳಬೇಕಾಯಿತು.